ಶಾಲಾಸಮಿತಿಗಳೂ ಶಿಕ್ಷಣಶಾಸನದ ಉತ್ತರದಾಯಿತ್ವವೂ

ಉತ್ತರದಾಯಿತ್ವವೆಂದರೆ ಕೇಳಿದವರಿಗೆ ಉತ್ತರ ಹೇಳತಕ್ಕ ಹೊಣೆ. ಶಾಲೆಯ ವಿಷಯದಲ್ಲಿ ಕೇಳತಕ್ಕವರು ಯಾರು, ಕೇಳತಕ್ಕುದು ಏನು ಎಂಬುದನ್ನು ಕೇಂದ್ರದ 2009ನೆಯ ಇಸವಿಯ ಶಿಕ್ಷಣ ಹಕ್ಕಿನ ಅಧಿನಿಯಮವು ವಿಧಿಸಿರುವುದು. ಕರ್ನಾಟಕದಲ್ಲಿ 2001ರಲ್ಲಿಯೇ ಸರ್ಕಾರದ ಆಜ್ಞೆಯಿಂದ ಏರ್ಪಟ್ಟಿದ್ದ ಶಾಲಾಭಿವೃದ್ಧಿ ಸಮಿತಿಗಳಿಗೆ ಸದೃಶವಾದ ಸಮಿತಿಯನ್ನು ಇದರ 21ನೆಯ ಪ್ರಕರಣವು ಹೇಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೆ ಕಡಮೆಯಿಲ್ಲದೆ ತಂದೆತಾಯಿಗಳು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರು ಇರತಕ್ಕದ್ದು.

ಜಯನಗರ, ಬನಶಂಕರಿ ಮೊದಲಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಮೂರು ಬಗೆಯ ಶಾಲೆಗಳುಂಟು. ಸಮಿತಿಯ ಅಧಿಕಾರವು ಮೂರರಲ್ಲಿಯೂ ಒಂದೇ ಅಲ್ಲ. ಸರ್ಕಾರಿ ಶಾಲೆಯಲ್ಲಿ ಅದು ಶಾಲೆಯ ನಡೆವಳಿಯನ್ನೂ ಅನುದಾನದ ವೆಚ್ಚವನ್ನೂ ನೋಡಿಕೊಳ್ಳುವುದು. ಅನುದಾನಿತ ಶಾಲೆಯಲ್ಲಿ, 2012ರ ತಿದ್ದುಪಡಿಯಂತೆ, ಸಲಹೆಯನ್ನು ಮಾತ್ರ ಕೊಡುವುದು. ಅನುದಾನರಹಿತ ಶಾಲೆಗೆ ಈ ಪ್ರಕರಣವು ಅನ್ವಯಿಸದು.

ಬೋಧಕರು ವೇಳೆಗೆ ಸರಿಯಾಗಿ ಬರುವುದು, ಪಾಠಕ್ರಮವನ್ನು ಮುಗಿಸುವುದು, ಪೋಷಕರಿಗೆ ಮಗುವಿನ ಪ್ರಗತಿಯನ್ನು ತಿಳಿಸುವುದು 24ನೆಯ ಪ್ರಕರಣದ ಕರ್ತವ್ಯಗಳು. ತಪ್ಪಿದಲ್ಲಿ ಸೇವಾನಿಯಮಗಳಂತೆ ಶಿಸ್ತುಕ್ರಮವಾಗುವುದೇ ಹೊರತು ಸಮಿತಿಗೆ ದಂಡಿಸುವ ಅಧಿಕಾರವಿಲ್ಲ. ಆದರೆ ಮಗುವಿನ ಹಕ್ಕಿಗೆ ಲೋಪ ಬಂದರೆ ಯಾರಾದರೂ 32ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ಅದರ ಮೇಲ್ಮನವಿಯು ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲುವುದು.

ಇವೆಲ್ಲಕ್ಕಿಂತ ಮುಖ್ಯವಾದುದು 22ನೆಯ ಪ್ರಕರಣ. ಸರ್ಕಾರಿ ಶಾಲೆಯ ಸಮಿತಿಯು ರಚಿಸುವ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವೆಂದು ಶಾಸನದ ವಚನ. ಆದುದರಿಂದ ಸಿದ್ಧವಾಗಿ ಬಂದ ಕಾಗದಕ್ಕೆ ಓದದೆ ರುಜು ಹಾಕುವ ಸದಸ್ಯನು ಕೊಠಡಿ, ಶೌಚಾಲಯ, ಬೋಧಕ ಇವುಗಳನ್ನು ಕೇಳುವ ಆಧಾರವನ್ನೇ ಕಳೆದುಕೊಳ್ಳುವನು. ಶಾಸನವನ್ನು ಪೋಷಕರಿಗೆ ತಿಳಿಗನ್ನಡದಲ್ಲಿ ಓದಿಹೇಳುವುದು ಈ ಕಾರಣದಿಂದ ವಿದ್ಯಾವಂತರ ಕರ್ತವ್ಯವಾಗುತ್ತದೆ.