ಆರಿದ ಬೆಂಕಿಯ ಮೇಲೆ ಹಸುರು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಪಾಣೆಮಂಗಳೂರನ್ನು ದಾಟಿದ ಮೇಲೆ ಸಿಗುವ ಕಲ್ಲಡ್ಕವು ತನ್ನ ಚಹದಿಂದ ಹೆಸರಾಗಿದೆ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿಯ ಹಾಲು, ಮೇಲೆ ಕಂದುಬಣ್ಣದ ಡಿಕಾಕ್ಷನ್. ಒಂದರೊಡನೊಂದು ಬೆರೆಯದೆ ಪದರ ಪದರವಾಗಿ ನಿಲ್ಲುವ ಈ ಪೇಯವನ್ನು ‘ಕೆ.ಟಿ.’ ಎನ್ನುತ್ತಾರೆ. ಊರಿನ ಹೆಸರಾದರೋ ಕಲ್ಲನ್ನು ನೆನೆಯುತ್ತದೆ. ಅಡ್ಕವೆಂದರೆ ತುಳುನಾಡಿನಲ್ಲಿ ಗಟ್ಟಿನೆಲದ ಬಟ್ಟಬಯಲು. ಇಲ್ಲಿಂದ ಈಶಾನ್ಯಕ್ಕೆ, ಬೆಳ್ತಂಗಡಿಯ ಆಚೆ, ಗೋಡೆಯಂತೆ ಎದ್ದು ನಿಂತ ಘಟ್ಟದ ಸಾಲಿನಲ್ಲಿ ಕುದುರೆಮುಖವಿದೆ. ಅಲ್ಲಿಯ ಕಲ್ಲಿನ ಕಥೆಯೂ ಪದರಗಳ ಕಥೆಯೇ.

ಸಂಸೆಪರ್ವತವೆಂಬ ಹೆಸರೂ ಉಳ್ಳ ಈ ಶಿಖರದ ಎತ್ತರ ೧,೮೯೨ ಮೀಟರು, ಎಂದರೆ ಸುಮಾರು ೬,೨೦೦ ಅಡಿ. ಒಂದು ಕಡೆಯಿಂದ ನೋಡಿದಾಗ ಅದು ಕುದುರೆಯ ಮೋರೆಯಂತೆ ಕಾಣುವುದರಿಂದ ಈ ಹೆಸರು. ಇದು ಬೆಂಕಿಯುಗುಳುವ ಪರ್ವತವಲ್ಲ. ಇದರ ನೆತ್ತಿಯಲ್ಲಿ ಅಗ್ನಿಕುಂಡವನ್ನು ಹುಡುಕುವವರಿಗೆ ನಿರಾಶೆಯೇ ಗತಿ. ಆದರೂ ಇದರ ಒಡಲು ಬೆಂಕಿಯನ್ನು ಅರಿಯದ್ದೇನೂ ಅಲ್ಲ. ೨೫೦ ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ತಣಿದು, ಮತ್ತೆ ನೆಲದಾಳದ ಕಾವಿನಲ್ಲಿ ಬೆಂದು, ಒತ್ತಡದಲ್ಲಿ ಮಡಿಚಿ ರೂಪಾಂತರ ಹೊಂದಿದ ಹಸುರುಗಪ್ಪು ಶಿಲೆಗಳು ಈ ಸೀಮೆಯಲ್ಲಿವೆ. ಅವುಗಳ ಜೊತೆಜೊತೆಗೇ ಪುರಾತನ ಕಡಲಿನ ತಳದಲ್ಲಿ ಕೂತ ಕಬ್ಬಿಣ ಮತ್ತು ಸಿಲಿಕಾಗಳ ಪಟ್ಟೆಗಳಿವೆ. ಒಂದು ಗೆರೆ ಕಪ್ಪು, ಒಂದು ಗೆರೆ ಬಿಳುಪು. ಈ ಪಟ್ಟೆಗಳೇ ಮುಂದೆ ಬೆಟ್ಟಕ್ಕೆ ಕಂಟಕವಾದುವು.

ಬೆಟ್ಟವನ್ನೇರಿದವನಿಗೆ ಮೊದಲು ಕಾಣುವುದು ಕಾಡಲ್ಲ, ಹುಲ್ಲು. ಏಣುಗಳ ಮೇಲೆಲ್ಲ ಹುಲ್ಲುಗಾವಲು ಹಬ್ಬಿದ್ದು, ಇಳಿಜಾರಿನ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಕಾಡು ಅಡಗಿ ಕುಳಿತಿದೆ. ಇದೇ ಶೋಲಾ. ಕಾಡನ್ನು ಕಡಿದುದರಿಂದಲೇ ಈ ಬೋಳುಗುಡ್ಡಗಳು ಉಂಟಾದುವೆಂದು ತಿಳಿಯುವವರುಂಟು. ಅದು ಪೂರ್ತಿ ಸರಿಯಲ್ಲ. ತೆಳುವಾದ ಮಣ್ಣು, ಬೀಸುಗಾಳಿ, ಬೇಸಗೆಯ ಬೆಂಕಿ ಇವುಗಳೆದುರು ಏಣಿನ ಮೇಲೆ ಮರದ ಸಸಿ ನಿಲ್ಲುವುದು ಕಷ್ಟ, ಹುಲ್ಲು ನಿಲ್ಲುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆಯನ್ನು ಈ ಹುಲ್ಲೂ ಶೋಲಾದ ತರಗೆಲೆಯ ಹಾಸೂ ಹೀರಿಕೊಂಡು, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವೆಂದು ಪ್ರಸಿದ್ಧವಾದ ಗಂಗಾಮೂಲವಿರುವುದು ಈ ಸೀಮೆಯಲ್ಲೇ. ಮೊದಲಿನ ಇಬ್ಬರು ಪೂರ್ವಕ್ಕೆ ನಡೆದರು. ನೇತ್ರಾವತಿ ಘಟ್ಟವಿಳಿದು ಬೆಳ್ತಂಗಡಿಯ ಸೀಮೆಯನ್ನು ತಣಿಸಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟವಾಳಕ್ಕೆ ಬಂದಳು. ೧೯೨೩ರ ಮಹಾಪೂರದಲ್ಲಿ ಬಂಟವಾಳದ ಪೇಟೆಯನ್ನು ಮುಳುಗಿಸಿದವಳೂ ಅವಳೇ.

ಹುಲಿ, ಚಿರತೆ, ಕಾಟಿ, ಕಡವೆಗಳಿಗೆ ಈ ಕಾಡು ಮನೆ. ನಸುಕಿನಲ್ಲಿ ತೊರೆಯ ಬಳಿ, ಶಾಲೆಗೆ ಚಕ್ಕರ್ ಹೊಡೆದ ಹುಡುಗನಂತೆ ರಾಗವಿಲ್ಲದೆ ಸಿಳ್ಳುಹಾಕುವ ನೀಲಿಗಪ್ಪು ಹಕ್ಕಿಯೊಂದಿದೆ. ಆದರೆ ಈ ಕಾಡಿನ ನಿಜವಾದ ಒಡೆಯನೆಂದರೆ ಸಿಂಗಳೀಕ. ಕರಿಯ ಮೈ, ಮೋರೆಯ ಸುತ್ತ ಬೂದುಬಿಳುಪಿನ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚುಳ್ಳ ಬಾಲ. ಪಶ್ಚಿಮಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇದರ ಸ್ವಾಭಾವಿಕ ನೆಲೆಯಿಲ್ಲ. ಪೇಟೆಯ ಮಂಗನಂತೆ ಇದು ಕಂಡಲ್ಲೆಲ್ಲ ಬದುಕಲಾರದು; ನೆಲಕ್ಕೆ ಇಳಿಯುವುದೇ ಅಪರೂಪ. ಹಣ್ಣಿನಿಂದ ಹಣ್ಣಿಗೆ, ಕೊಂಬೆಯಿಂದ ಕೊಂಬೆಗೆ ಕಾಡು ಕಡಿಯದೆ ಹಬ್ಬಿರಬೇಕು. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಹಲವು ವರ್ಷ ಕಾಯಬೇಕು. ನಡುವೆ ಒಂದು ರಸ್ತೆ ಅಗಲವಾದರೂ ಸಾಕು, ಹಿಂಡು ಎರಡಾಗುತ್ತದೆ. ೧೯೮೦ರ ದಶಕದಲ್ಲಿ ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕದ ಸಮೀಕ್ಷೆಯು ಈ ಕಾಡಿನ ಬೆಲೆಯನ್ನು ಸರಕಾರದ ಕಣ್ಣಿಗೆ ತಂದಿತು. ೧೯೮೭ರಲ್ಲಿ ಆರುನೂರು ಚದರ ಕಿಲೋಮೀಟರು ಮಿಕ್ಕ ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಅಷ್ಟು ಹೊತ್ತಿಗೆ ಗಣಿ ಬಂದಾಗಿತ್ತು. ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು ೧೯೧೩ರಲ್ಲೇ ಅದಿರನ್ನು ಗುರುತಿಸಿದ್ದರು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪೆನಿ ಸ್ಥಾಪಿತವಾಯಿತು. ಅದಿರಿನ ಪುಡಿ ನೀರಿನಲ್ಲಿ ಕಲಸಿಹೋಗಿ ೬೭ ಕಿಲೋಮೀಟರು ಕೊಳವೆಯಲ್ಲಿ ಹರಿದು ಮಂಗಳೂರಿನ ಕಡಲತಡಿಯನ್ನು ಸೇರುತ್ತಿತ್ತು. ಸಾವಿರಾರು ಸಂಸಾರಗಳು ಅದರಿಂದ ಉಂಡುವೆಂಬುದನ್ನು ಅಲ್ಲಗಳೆಯಲಾಗದು. ಇತ್ತ ಮಳೆಗಾಲದಲ್ಲಿ ಕೊರೆದ ಗುಡ್ಡದ ಮಣ್ಣು ಭದ್ರೆಗೆ ಇಳಿಯಿತು. ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರು ಮೊರೆಹೋದ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೦೨ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು; ೨೦೦೫ರ ಡಿಸೆಂಬರ್ ಕೊನೆಗೆ ಗಣಿಯ ಸದ್ದು ನಿಂತಿತು.

ನಿಲ್ಲದಿರುವುದು ಮನುಷ್ಯರ ಪ್ರಶ್ನೆ. ಉದ್ಯಾನಕ್ಕೆ ಮೊದಲಿನಿಂದಲೂ ಈ ಕಣಿವೆಗಳಲ್ಲಿ ಬಾಳಿದ ಮಲೆಕುಡಿಯರಿಗೂ ಇತರ ಕೃಷಿಕರಿಗೂ ರಸ್ತೆ, ದೀಪಗಳ ಕೊರತೆ ಕಾಡಿದೆ. ಕೆಲವರು ಪರಿಹಾರ ಪಡೆದು ಇಳಿದುಹೋದರು, ಕೆಲವರು ಒಪ್ಪಲಿಲ್ಲ. ಕಾಡು ಉಳಿಸಬೇಕೆಂಬ ಮಾತನ್ನು ಪೇಟೆಯ ದೀಪದಡಿ ಕುಳಿತು ಹೇಳುವುದು ಸುಲಭ. ಲಖ್ಯಾ ಅಣೆಕಟ್ಟಿನ ಹಿಂದೆ, ಕಬ್ಬಿಣವನ್ನು ಕಳೆದುಕೊಂಡ ಗಣಿಯ ಹೂಳು, ನೂರು ಮೀಟರು ಎತ್ತರದ ಮಣ್ಣಿನ ಒಡ್ಡಿಗೆ ಒರಗಿ ಇಂದಿಗೂ ಬಿದ್ದುಕೊಂಡಿದೆ.