ಹಾಡುವ ಕೊರಳು, ಮೀಟುವ ಕೈ

ಬಾದಾಮಿಯ ಮೊದಲನೆಯ ಗುಹೆಯನ್ನು ಕಂಡವರು ಅಲ್ಲಿಯ ನಟರಾಜನನ್ನು ಮರೆಯಲಾರರು. ಹದಿನೆಂಟು ತೋಳುಗಳ ಆ ಮೂರ್ತಿ ಕೆಂಪು ಬಂಡೆಯಲ್ಲಿ ಕುಣಿಯತೊಡಗಿ ಸುಮಾರು ೧೪೦೦ ವರ್ಷಗಳು ಕಳೆದಿವೆ. ನಾಟ್ಯವನ್ನು ಬಲ್ಲವರು ಆ ತೋಳುಗಳ ಭಂಗಿಗಳನ್ನು ಎಣಿಸಿ ಬೆರಗಾಗುತ್ತಾರೆ. ಆದರೆ ಸಾಮಾನ್ಯ ನೋಡುಗನ ಕಣ್ಣಿಗೆ ಥಟ್ಟನೆ ಬೀಳದ ಸಂಗತಿಯೊಂದು ಅಲ್ಲಿದೆ. ಆ ಕೈಗಳಲ್ಲಿ ತ್ರಿಶೂಲ, ಸರ್ಪ, ಪರಶುಗಳ ಜೊತೆಗೆ ಡಮರುವೂ ಉಂಟು. ಕುಣಿಯುವವನು ತನ್ನ ಕುಣಿತದ ತಾಳವನ್ನು ಪರರ ಕೈಗೆ ಪೂರ್ತಿಯಾಗಿ ಒಪ್ಪಿಸಿಲ್ಲ. ತಾನೂ ಒಂದು ಕೈಯಲ್ಲಿ ಹಿಡಿದುಕೊಂಡಿದ್ದಾನೆ.

ಇಂದಿನ ರಾಕ್ ಸಂಗೀತದ ವೇದಿಕೆಯನ್ನು ನೋಡುವಾಗ ಈ ಡಮರು ನೆನಪಾಗುವುದು ಸಹಜ. ಕಣ್ಣು ಕೋರೈಸುವ ದೀಪಗಳು, ಎದೆ ನಡುಗಿಸುವ ಡ್ರಮ್ಮು, ಮುಂದೆ ಸಮುದ್ರದಂತೆ ಹೊಯ್ದಾಡುವ ಜನ. ಇವೆಲ್ಲದರ ನಡುವೆ ಧ್ವನಿವರ್ಧಕದ ಎದುರು ಮುಖ್ಯ ಗಾಯಕ. ಅವನ ಹೆಗಲಿನಿಂದ ಇಳಿಬಿದ್ದ ಗಿಟಾರು. ಅವನು ಹಾಡುತ್ತಲೂ ಇದ್ದಾನೆ, ನುಡಿಸುತ್ತಲೂ ಇದ್ದಾನೆ.

ಈ ವಿಷಯದಲ್ಲಿ ಇಲಕಲ್ಲಿನ ಗೃಹಸ್ಥರೊಬ್ಬರು ನನಗೆ ಹಾಕಿದ ಪ್ರಶ್ನೆ ಸ್ವಾರಸ್ಯವಾದುದು. ಅವರ ಮಗ ಬಾಗಲಕೋಟೆಯಲ್ಲಿ ಕಾಲೇಜು ವಿದ್ಯಾರ್ಥಿ. ಗೆಳೆಯರೊಡನೆ ಒಂದು ಸಂಗೀತ ಮೇಳವನ್ನು ಕಟ್ಟಿದ್ದಾನೆ. “ಸರ, ಹುಡುಗ ಹಾಡ್ಲಿ, ಬ್ಯಾಡ ಅನ್ನೂದಿಲ್ರಿ. ಆದರ ಹಾಡಾವನ ಕೈಯಾಗ ಆ ಗಿಟಾರ್ ಯಾಕ್ ಬೇಕ್ರಿ? ನುಡಸಾಕ ಬ್ಯಾರೆ ಹುಡುಗರು ಅದಾರಲ್ರಿ?”

ಪ್ರಶ್ನೆ ನ್ಯಾಯವಾದುದೇ. ಗಿಟಾರಿಗೆ ಹಣ ಬೇಕು, ಅಭ್ಯಾಸಕ್ಕೆ ಹೊತ್ತು ಬೇಕು. ಪರೀಕ್ಷೆಯೋ ಬಾಗಿಲಲ್ಲೇ ನಿಂತಿರುತ್ತದೆ. ಇದು ಬರಿಯ ಸೋಗೆ, ಅಥವಾ ಹಾಡಿಗೆ ಇದರಿಂದ ನಿಜವಾಗಿ ಏನಾದರೂ ಒದಗುವುದೆ?

ಇದು ಹೊಸತಲ್ಲ

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ವಿಜಾಪುರ, ಬಾಗಲಕೋಟೆಗಳ ಹಳ್ಳಿಗಳಲ್ಲಿ ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದ ರಾತ್ರಿಯಿಡೀ ನಡೆಯುವುದುಂಟು. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ಸವಾಲಿಗೆ ಜವಾಬು ಹಾಡಿನಲ್ಲಿಯೇ. ಇಂಥ ಮೇಳದ ಮುಂದಾಳು ಬರಿಗೈಯಲ್ಲಿ ನಿಲ್ಲುವುದಿಲ್ಲ. ಅವನ ಕೈಯಲ್ಲಿ ಡಪ್ಪು ಇರುತ್ತದೆ. ಪಕ್ಕದವನು ತುಂತುಣಿ ಮೀಟುತ್ತಾನೆ, ಇನ್ನೊಬ್ಬ ತಾಳ ಹಾಕುತ್ತಾನೆ. ಮುಂದಾಳು ಹೇಳಿದ ನುಡಿಗೆ ಅವರು ಸೊಲ್ಲು ಕೂಡಿಸುತ್ತಾರೆ. ಡಪ್ಪಿನ ಒಂದು ಪೆಟ್ಟಿನಿಂದಲೇ ಮೇಳ ನಿಲ್ಲುತ್ತದೆ, ಇನ್ನೊಂದರಿಂದ ಓಡುತ್ತದೆ.

ತತ್ತ್ವಪದ ಹಾಡುವ ಸಾಧುವಿನ ಕೈಯಲ್ಲಿ ಏಕತಾರಿ. ಎಲ್ಲಮ್ಮನ ಪದ ಹಾಡುವವರ ಕಂಕುಳಲ್ಲಿ ಚೌಡಿಕೆ. ಈ ಚೌಡಿಕೆಯ ಹಿಂದೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿಯ ನೆರಳೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ೧೯೮೨ರ ಕರ್ನಾಟಕದ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಪದ್ಧತಿ ಅಳಿಯಬೇಕಾದುದೇ. ಆದರೆ ಒಂದೇ ತಂತಿಯನ್ನು ಮೀಟುತ್ತ ನೂರಾರು ನುಡಿಗಳನ್ನು ನೆನಪಿನಿಂದ ಹಾಡುವ ಆ ವಿದ್ಯೆ ಅಳಿಯಬಾರದು.

ಇವೆಲ್ಲಕ್ಕೂ ಮಿಗಿಲಾದ ಸಾಕ್ಷ್ಯ ಹುನಗುಂದ ತಾಲ್ಲೂಕಿನಲ್ಲಿಯೇ ಇದೆ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದ ದೇವನನ್ನು ಅಂಕಿತವಾಗಿ ಉಳ್ಳ ಬಸವಣ್ಣನವರು, ತಮ್ಮ ದೇಹವನ್ನೇ ತಂತಿವಾದ್ಯವನ್ನಾಗಿ ಮಾಡಿ ನುಡಿಸಬೇಕೆಂದು ಒಂದು ವಚನದಲ್ಲಿ ಬೇಡಿಕೊಂಡಿದ್ದಾರೆ. ಹಾಡುವವನೂ ವಾದ್ಯವೂ ಬೇರೆಯಾಗಿ ಉಳಿಯಬಾರದೆಂಬ ಹಂಬಲವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವನೂ ಗೀತ, ವಾದ್ಯ, ನೃತ್ಯ ಈ ಮೂರೂ ಕೂಡಿದುದಕ್ಕೇ ಸಂಗೀತವೆಂದು ಹೆಸರಿಟ್ಟನು. ಆದುದರಿಂದ ಹಾಡುವವನು ಕೈಯಲ್ಲಿ ವಾದ್ಯ ಹಿಡಿಯುವುದು ಪರದೇಶದಿಂದ ಬಂದ ಷೋಕಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಬಂದುದು ಗಿಟಾರು ಮಾತ್ರ.

ಕಡಲಾಚೆಯ ಕಥೆ

ಆ ಗಿಟಾರಿನ ಕಥೆಯನ್ನೂ ತುಸು ಕೇಳಬೇಕು. ರಾಕ್ ಸಂಗೀತ ಹುಟ್ಟಿದ್ದು ಅಮೆರಿಕದಲ್ಲಿ, ೧೯೫೦ರ ದಶಕದಲ್ಲಿ. ಚಕ್ ಬೆರಿ ೧೯೫೫ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯಿಂದ ಹೆಸರಾದಾಗ ಹಾಡಿದವನೂ ಅವನೇ, ಗಿಟಾರು ನುಡಿಸಿದವನೂ ಅವನೇ. ಮುಂದೆ ಇಂಗ್ಲೆಂಡಿನ ಬೀಟಲ್ಸ್ ಮೇಳದಲ್ಲಿ ಜಾನ್ ಲೆನನ್ ಹಾಡುತ್ತ ಲಯದ ಗಿಟಾರನ್ನು ಹಿಡಿದ. ರಾಗದ ಕುಸುರಿಯನ್ನು ಹೆಚ್ಚಾಗಿ ಜಾರ್ಜ್ ಹ್ಯಾರಿಸನ್ನನಿಗೆ ಬಿಟ್ಟ.

ಈ ಕೆಲಸದ ವಿಂಗಡಣೆಯೇ ನಮ್ಮ ಗೃಹಸ್ಥರ ಪ್ರಶ್ನೆಗೆ ಅರ್ಧ ಉತ್ತರ. ರಾಕ್ ಮೇಳದಲ್ಲಿ ಸಾಮಾನ್ಯವಾಗಿ ಗಿಟಾರುಗಳು ಒಂದಕ್ಕಿಂತ ಹೆಚ್ಚು. ಹಾಡಿನ ನಡುವೆ ಮಿಂಚಿನಂತೆ ಓಡುವುದು ಒಂದು. ತಳದಲ್ಲಿ ಗಂಭೀರವಾಗಿ ಗುಡುಗುವುದು ಇನ್ನೊಂದು. ಬಿಡದೆ ಲಯವನ್ನು ಹಿಡಿದು ನಡೆಸುವುದು ಮತ್ತೊಂದು. ಗಾಯಕನ ಕೈಯಲ್ಲಿ ಬಹುಮಟ್ಟಿಗೆ ಇರುವುದು ಈ ಕೊನೆಯದು. ಅದು ಅಲಂಕಾರವಲ್ಲ; ಗೀಗೀ ಮೇಳದ ಡಪ್ಪಿನ ಸ್ಥಾನವೇ ಅದರದು.

ಎಲ್ಲರೂ ಹಾಗೆ ಮಾಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಬ್ಲೂಸ್ ಸಂಗೀತದ ಮಹಾರಾಜನೆನಿಸಿದ ಬಿ. ಬಿ. ಕಿಂಗ್ ತಾನು ಹಾಡುತ್ತಲೇ ನುಡಿಸಲಾರೆನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದ. ಒಂದು ಸಾಲು ಹಾಡುವನು, ನಿಲ್ಲಿಸುವನು. ಆಮೇಲೆ ಲೂಸಿಲ್ ಎಂದು ತಾನು ಹೆಸರಿಟ್ಟ ಗಿಟಾರಿನಿಂದ ಅದಕ್ಕೆ ಉತ್ತರ ಹೇಳಿಸುವನು. ಹರದೇಶಿಯ ಸವಾಲಿಗೆ ನಾಗೇಶಿಯ ಜವಾಬು ಇದ್ದಂತೆ! ಕ್ವೀನ್ ಮೇಳದ ಫ್ರೆಡಿ ಮರ್ಕ್ಯುರಿಯಾದರೋ ವೇದಿಕೆಯ ತುಂಬ ಓಡಾಡಿ ಹಾಡುವವನು. ೧೯೭೯ರ ತನ್ನ ಒಂದು ಹಾಡಿಗೆ ಮಾತ್ರ ಗಿಟಾರು ಹಿಡಿದು ನಿಲ್ಲುತ್ತಿದ್ದ. ಹಾಡು ಬೇಡಿದಷ್ಟು ವಾದ್ಯ. ಇದೇ ನಿಜವಾದ ನಿಯಮ.

ಬೀಸುಕಲ್ಲಿನ ಪಾಠ

ಕೈಯೂ ಕೊರಳೂ ಏಕಕಾಲಕ್ಕೆ ದುಡಿಯುವುದು ಹೇಗೆ? ಹೊಸಬನಿಗೆ ಇಲ್ಲಿಯೇ ಬಿಕ್ಕಟ್ಟು. ಕೊರಳು ಎಳೆದಾಗ ಕೈ ನಿಲ್ಲುತ್ತದೆ. ಕೈ ಬೀಸಿದಾಗ ಮಾತು ತೊದಲುತ್ತದೆ.

ಇದರ ಗುಟ್ಟು ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಬೆಳಗಿನ ಜಾವ ಜೋಳ ಬೀಸುವಾಗ ಅವರ ಕೈ ಕಲ್ಲಿನ ಗೂಟವನ್ನು ತಿರುಗಿಸುತ್ತಿತ್ತು, ಕೊರಳು ಪದ ಹಾಡುತ್ತಿತ್ತು. ಕೈಯ ಕಡೆಗೆ ಅವರ ಲಕ್ಷ್ಯವೇ ಇರುತ್ತಿರಲಿಲ್ಲ. ಇಲಕಲ್ಲಿನ ಮಗ್ಗದ ಮನೆಗೆ ಹೋದರೆ ಇದೇ ಪಾಠವನ್ನು ಇನ್ನೊಂದು ರೀತಿಯಲ್ಲಿ ಕಾಣಬಹುದು. ನೇಕಾರನ ಕಾಲು ತುಳಿಯುತ್ತದೆ, ಒಂದು ಕೈಯಿಂದ ಲಾಳಿ ಓಡುತ್ತದೆ, ಇನ್ನೊಂದು ಕೈ ಎಳೆಯನ್ನು ಬಡಿದು ಕೂಡಿಸುತ್ತದೆ. ಬಾಯಿ ಮಾತ್ರ ಬಂದವರೊಡನೆ ಮಾತನಾಡುತ್ತಿರುತ್ತದೆ. ಅಭ್ಯಾಸದಿಂದ ಕೈಗೆ ತನ್ನದೇ ಬುದ್ಧಿ ಬಂದಮೇಲೆಯೇ ಮನಸ್ಸು ಬೇರೆ ಕೆಲಸಕ್ಕೆ ಬಿಡುವಾಗುವುದು.

ಗಿಟಾರಿನ ಗಾಯಕನೂ ಹೀಗೆಯೇ ಕಲಿಯಬೇಕು. ಮೊದಲು ಬಲಗೈಯ ಮೀಟು. ಟೀವಿ ನೋಡುತ್ತಲೋ ಹರಟೆ ಹೊಡೆಯುತ್ತಲೋ ಇದ್ದರೂ ಅದು ತಪ್ಪದಂತಾಗಬೇಕು. ಆಮೇಲೆ ಹಾಡಿನ ಮಾತುಗಳನ್ನು ರಾಗವಿಲ್ಲದೆ ಆ ಮೀಟಿನ ಮೇಲೆ ಹೇಳಬೇಕು. ಕೊನೆಗೆ ರಾಗ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ತಿಂಗಳುಗಟ್ಟಲೆ ತಡವರಿಸುತ್ತಾರೆ.

ಕನ್ನಡದ ಹುಡುಗರಿಗೆ ಇಲ್ಲಿ ಇನ್ನೂ ಒಂದು ಕೆಲಸವಿದೆ. ಪಶ್ಚಿಮದ ರಾಕ್ ಹಾಡುಗಳಲ್ಲಿ ಬಹುಪಾಲು ನಾಲ್ಕೆಣಿಕೆಯವು. ನಮ್ಮ ಛಂದಸ್ಸಾದರೋ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಒಂದಾದ ಮೇಲೊಂದು ಬಂದು ಏಳಾಗುತ್ತವೆ. ನಾಲ್ಕೆಣಿಕೆಗೆ ಪಳಗಿದ ಕೈ ಈ ಏಳರ ಮುಂದೆ ಎಡವುತ್ತದೆ. ಹೋಳಿಯಲ್ಲಿ ಹಲಗಿಯ ಸದ್ದು ಕೇಳಿ ಬೆಳೆದ ಬಾಗಲಕೋಟೆಯ ಹುಡುಗರಿಗೆ ಲಯ ಹೊಸದೇನಲ್ಲ. ಕನ್ನಡದ ನಡೆಯನ್ನು ತಂತಿಗೆ ಕಲಿಸುವುದಷ್ಟೇ ಉಳಿದಿದೆ. ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕಲು ಬೇಸರಿಸುವ ವಿದ್ಯಾರ್ಥಿಗಳು ಈ ದಾರಿಯಿಂದಲಾದರೂ ಛಂದಸ್ಸಿಗೆ ಬಂದರೆ ಅಧ್ಯಾಪಕರಾದ ನಮಗೆ ಸಂತೋಷವೇ!

ಏಕತಾರಿಯಿಂದ ಗಿಟಾರಿಗೆ

ಏಕತಾರಿ ಕೊಡುವುದು ಆಧಾರ ಶ್ರುತಿಯನ್ನು. ಗಿಟಾರಿನಲ್ಲಿರುವುದು ಆರು ತಂತಿ. ಹಲವು ಸ್ವರಗಳನ್ನು ಒಟ್ಟಿಗೆ ಹೊಮ್ಮಿಸಿ ಹಾಡಿನ ಕೆಳಗೆ ಅವುಗಳ ಗೊಂಚಲನ್ನು ಬದಲಿಸುತ್ತ ಹೋಗುವುದು ಅದರ ಪದ್ಧತಿ. ಇಲ್ಲಿ ನಮ್ಮ ಹಾಡಿಗೆ ಒಂದು ಅಪಾಯವಿದೆ. ಗಿಟಾರಿನ ಕಾಂಡದ ಮೇಲಿನ ಲೋಹದ ಪಟ್ಟಿಗಳು ಸ್ವರಸ್ಥಾನಗಳನ್ನು ಬಿಗಿಯಾಗಿ ಕಟ್ಟಿಹಾಕುತ್ತವೆ. ನಮ್ಮ ಕೊರಳೋ ಸ್ವರದಿಂದ ಸ್ವರಕ್ಕೆ ಜಾರುತ್ತದೆ, ತೂಗುತ್ತದೆ. ಎಲ್ಲ ತಂತಿಗಳನ್ನೂ ಬಡಿದರೆ ಆ ತೂಗಾಟ ಸದ್ದಿನಲ್ಲಿ ಮುಳುಗಿಹೋಗುವುದು. ಷಡ್ಜ ಪಂಚಮಗಳನ್ನು ಮಾತ್ರ ಮೀಟಿ ಉಳಿದುದನ್ನು ಕೊರಳಿಗೆ ಬಿಟ್ಟುಕೊಟ್ಟರೆ ಗಿಟಾರು ತಂಬೂರಿಯ ಗುಣವನ್ನು ತಾಳುತ್ತದೆ.

ಗಿಟಾರಿನೊಡನೆ ಕನ್ನಡದ ಪದ ಹಾಡಿ ಪರದೇಶದವರನ್ನೂ ಕುಣಿಸಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರು, ಭರತನಾಟ್ಯದಲ್ಲಿ ವಿದ್ವತ್ ಪಡೆದವರು. ಗಿಟಾರನ್ನು ಮಾತ್ರ ತಾವೇ ಕಲಿತವರು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಗಿಟಾರು ಹಾಕಿ ಅವರು ಹಾಡುವ ಹಾಡುಗಳಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳಿಗೆ ಮುಖ್ಯ ಸ್ಥಾನವಿದೆ. ಅವರ ಮೇಳದ ಮೊದಲ ಧ್ವನಿಸಂಪುಟ ಹೊರಬಂದುದು ೨೦೦೮ರಲ್ಲಿ. ೨೦೧೦ರಲ್ಲಿ ಅವರು ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು, ೨೦೧೧ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ. ೧೮೧೯ರಿಂದ ೧೮೮೯ರವರೆಗೆ ಬದುಕಿದ್ದ ಸಂತನ ಮಾತನ್ನು ಕನ್ನಡವೇ ಬಾರದ ಜನ ಕೇಳಿ ಕುಣಿದರು. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ಮೇಳದ ವಾಸು ದೀಕ್ಷಿತ್, ಬೆಂಗಳೂರಿನಲ್ಲಿ ೧೯೯೬ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಮೇಳದ ಬ್ರೂಸ್ ಲೀ ಮಣಿ, ಇವರೂ ಹಾಡುತ್ತಲೇ ಗಿಟಾರು ನುಡಿಸುವ ಗಾಯಕರು.

ಷರೀಫರ ಪದಕ್ಕೆ ಗಿಟಾರು ಸಲ್ಲದೆಂದು ಮೂಗು ಮುರಿಯುವವರಿದ್ದಾರೆ. ಇಂಥ ಅಸಮಾಧಾನ ಎಲ್ಲೆಡೆಯೂ ಇರುವುದೇ. ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ೧೯೬೫ರ ಜುಲೈ ೨೫ರಂದು ಬಾಬ್ ಡಿಲನ್ ತನ್ನ ಎಂದಿನ ಗಿಟಾರನ್ನು ಬಿಟ್ಟು ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭೆಯಲ್ಲಿ ಕೂಗಾಟವಾಯಿತು. ನಮ್ಮಲ್ಲಿಯೂ ಆಕಾಶವಾಣಿ ಹಾರ್ಮೋನಿಯಮ್ಮನ್ನು ಪರದೇಶಿ ವಾದ್ಯವೆಂದು ೧೯೪೦ರಿಂದ ಮೂರು ದಶಕ ಹೊರಗಿಟ್ಟಿತ್ತು. ಇಂದು ಬನಶಂಕರಿಯ ಜಾತ್ರೆಯ ನಾಟಕವನ್ನು ಹಾರ್ಮೋನಿಯಮ್ಮಿಲ್ಲದೆ ಊಹಿಸಿಕೊಳ್ಳುವುದೂ ಕಷ್ಟ. ವಾದ್ಯಕ್ಕೆ ಜಾತಿಯಿಲ್ಲ, ಅದನ್ನು ಹಿಡಿದ ಕೈಯ ಸಂಸ್ಕಾರವೇ ಅದರ ಕುಲ.

ಲಗಾಮು ಯಾರ ಕೈಯಲ್ಲಿ?

ಇನ್ನು ಉತ್ತರದ ಉಳಿದರ್ಧ. ಇದೇ ಹೆಚ್ಚು ಮಹತ್ತ್ವದ್ದು.

ಜಾತ್ರೆ ಉತ್ಸವಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಈಗ ಒಂದು ಪದ್ಧತಿ ಬೆಳೆದಿದೆ. ವಾದ್ಯಗಳ ಸದ್ದನ್ನು ಮೊದಲೇ ಮುದ್ರಿಸಿಟ್ಟಿರುತ್ತಾರೆ. ಗಾಯಕನು ಆ ಟ್ರ್ಯಾಕಿನ ಮೇಲೆ ತನ್ನ ಕೊರಳನ್ನು ಕೂಡಿಸಿದರೆ ಸಾಕು. ಖರ್ಚು ಕಡಿಮೆ, ತೊಂದರೆ ಕಡಿಮೆ. ಆದರೆ ಆ ಮುದ್ರಿಕೆ ಯಾರಿಗೂ ಕಾಯುವುದಿಲ್ಲ. ಜನ ಮೈಮರೆತು ಇನ್ನೊಮ್ಮೆ ಎಂದು ಕೂಗಿದರೂ ಅದಕ್ಕೆ ಕೇಳಿಸದು. ಮುಂದಿನ ಸಾಲಿನಲ್ಲಿ ಕುಳಿತ ಮುದುಕಿ ಕಣ್ಣೊರೆಸಿಕೊಂಡರೂ ಅದಕ್ಕೆ ಕಾಣದು. ಗಾಯಕನು ಅದರ ಹಿಂದೆ ಓಡಬೇಕೇ ಹೊರತು ಅದು ಗಾಯಕನ ಹಿಂದೆ ಬಾರದು.

ತಂತಿಯ ಮೇಲೆ ಕೈಯಿಟ್ಟ ಗಾಯಕನ ಮಾತೇ ಬೇರೆ. ಸಭೆ ತಣ್ಣಗಿದ್ದರೆ ಅವನು ಮೀಟನ್ನು ಬಿರುಸು ಮಾಡಬಲ್ಲ. ಸೊಲ್ಲನ್ನು ಜನ ಎತ್ತಿಕೊಂಡರೆ ತಾನು ಸುಮ್ಮನಾಗಿ ಅವರಿಂದಲೇ ಹಾಡಿಸಬಲ್ಲ. ಗಿಟಾರಿನ ತುದಿಯನ್ನು ತುಸು ಎತ್ತಿ ತಗ್ಗಿಸಿದರೆ ಡ್ರಮ್ಮಿನವನಿಗೆ ಮುಕ್ತಾಯದ ಸೂಚನೆ ಸಿಕ್ಕಿತು. ವಿದ್ಯುತ್ತು ಹೋಗಿ ಧ್ವನಿವರ್ಧಕಗಳು ಮೂಕವಾದರೂ ಮರದ ಗಿಟಾರೊಂದು ಕೈಯಲ್ಲಿದ್ದರೆ ಮುಂದಿನ ನಾಲ್ಕು ಸಾಲಿನವರಿಗಾದರೂ ಹಾಡು ಕೇಳಿಸುತ್ತದೆ. ಹಾಡಿನ ಲಗಾಮು ಹಾಡುವವನ ಕೈಯಲ್ಲಿದೆ. ಕೇಳುವವನಿಗೂ ಅದರಲ್ಲಿ ಪಾಲಿದೆ. ಸಭೆಯಲ್ಲಿ ಕುಳಿತು ಹಾಡು ಕೇಳುವುದಕ್ಕೂ ಮನೆಯಲ್ಲಿ ಕುಳಿತು ಮುದ್ರಿಕೆ ಕೇಳುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೆ? ಇದನ್ನು ಕಳೆದುಕೊಂಡರೆ ಜಾತ್ರೆಯ ವೇದಿಕೆ ದೊಡ್ಡದೊಂದು ರೇಡಿಯೋ ಆಗಿ ಉಳಿಯುವುದು.

ಆದುದರಿಂದ ಮಗನೋ ಮಗಳೋ ಗಿಟಾರು ಬೇಕೆಂದಾಗ ತಂದೆತಾಯಿಗಳು ಒಮ್ಮೆಲೇ ಬೇಡವೆನ್ನುವುದು ಬೇಡ. ಪರೀಕ್ಷೆಯ ಮಾತು ಇದ್ದೇ ಇದೆ. ಅದಕ್ಕೆ ಹೊತ್ತು ಗೊತ್ತುಮಾಡಿಕೊಟ್ಟರೆ ಆಯಿತು. ಅದರ ಜೊತೆಗೆ ಒಂದು ಷರತ್ತನ್ನೂ ಹಾಕಬಹುದು. ಕಲಿಯುವ ಹಾಡುಗಳಲ್ಲಿ ಒಂದಾದರೂ ಮನೆಯ ಅಜ್ಜಿಯಿಂದ ಕೇಳಿ ಕಲಿತದ್ದಾಗಿರಲಿ. ಊರಿನ ಗೀಗೀ ಮೇಳದವರ ಪಕ್ಕದಲ್ಲಿ ಒಂದು ರಾತ್ರಿಯಾದರೂ ಕುಳಿತು ಮುಂದಾಳಿನ ಕೈಯನ್ನು ನೋಡಿ ಬರಲಿ. ಡಪ್ಪು ಹಿಡಿದ ಆ ಕೈಗೆ ಗೊತ್ತಿರುವ ಬಹಳಷ್ಟು ಸಂಗತಿಗಳನ್ನು ಗಿಟಾರಿನ ಯಾವ ಪುಸ್ತಕವೂ ಹೇಳಿಕೊಡಲಾರದು.