ಮನೆ ನೋಡಲು ಬಂದವರಿಗೆ ಬೀರುವಿನ ಕೀಲಿಯೇ?

ಕೋರಮಂಗಲದ ಕಾಫಿ ಅಂಗಡಿ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಹೂಡಿಕೆದಾರರ ಕಡೆ ಲ್ಯಾಪ್‌ಟಾಪ್ ತಿರುಗಿಸಿ ಸ್ಲೈಡ್ ತೋರಿಸುತ್ತಿದ್ದ. ಐಡಿಯಾ ಹೇಳುವಾಗ ಅವನ ದನಿ ಪಿಸುಮಾತಿಗಿಳಿಯಿತು. ಆಮೇಲೆ ಎಕ್ಸೆಲ್ ಶೀಟ್ ತೆರೆದ ನೋಡಿ: ಗ್ರಾಹಕ ಕಂಪನಿಗಳ ಹೆಸರು, ಯಾರಿಗೆ ಯಾವ ದರ, ಎಷ್ಟು ರಿಯಾಯಿತಿ, ಎಲ್ಲ ನನ್ನ ಕುರ್ಚಿಗೇ ಕಾಣುವಷ್ಟು ದಪ್ಪಕ್ಷರದಲ್ಲಿ!

ಹೊಸ ಉದ್ಯಮಿಗಳಲ್ಲಿ ಹೆಚ್ಚಿನವರು ಹೀಗೆಯೇ ತಿರುಗುಮುರುಗು. ಮೊದಲ ಭೇಟಿಗೇ ಎನ್‌ಡಿಎ, ಅಂದರೆ ಗುಟ್ಟು ಬಿಟ್ಟುಕೊಡೆನೆಂಬ ಕರಾರುಪತ್ರ, ಹಿಡಿದು ಹೊರಡುತ್ತಾರೆ. ವೆಂಚರ್ ಕ್ಯಾಪಿಟಲ್ ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕೆ ಸಹಿ ಹಾಕುವುದಿಲ್ಲ. ಅದು ಸೊಕ್ಕಲ್ಲ. ಒಂದೇ ಬಗೆಯ ಐಡಿಯಾ ನಾಲ್ಕು ತಂಡಗಳಿಂದ ಬಂದಿರುತ್ತದೆ. ಒಬ್ಬರ ಕಾಗದಕ್ಕೆ ಸಿಕ್ಕಿಬಿದ್ದರೆ ಉಳಿದವರ ಜೊತೆ ಮಾತಾಡುವುದೇ ತಾಪತ್ರಯ. ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ, ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಹಾಗಂತ ನಂಬಿ ಹೇಳಿದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಸನ್‌ಡಯಲ್ ಕಮ್ಯುನಿಕೇಷನ್ಸ್ ಸಂಸ್ಥೆ ಧಾರಾವಾಹಿಯೊಂದರ ಕಲ್ಪನೆಯನ್ನು ಟಿಪ್ಪಣಿ ಮಾಡಿ ಜೀ ಟೆಲಿಫಿಲ್ಮ್ಸ್ ಮುಂದಿಟ್ಟಿತ್ತು. ಮುಂದೆ ಅದನ್ನು ಹೋಲುವ ‘ಕನ್ಹಯ್ಯಾ’ ಬಂದಾಗ ಜಗಳ ಕೋರ್ಟಿಗೇರಿತು. 2003ರಲ್ಲಿ ಬಾಂಬೆ ಹೈಕೋರ್ಟ್ ಸನ್‌ಡಯಲ್ ಪರ ನಿಂತಿತು. ಕೈಹಿಡಿದದ್ದು ಬರಹದಲ್ಲಿದ್ದ ಟಿಪ್ಪಣಿ. ಬಾಯಿಮಾತಿನಲ್ಲೇ ಎಲ್ಲ ಒದರಿ ಬಂದವರಿಗೆ ಈ ಭಾಗ್ಯ ಸಿಗುವುದು ಕಷ್ಟ. ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಕರಡು ಮಸೂದೆಯನ್ನೇ ಕೊಟ್ಟಿದೆ.

ಮನೆ ಕೊಳ್ಳಲು ಬಂದವರಿಗೆ ಅಡುಗೆಮನೆ, ಬಾವಿ, ಹಿತ್ತಲು ತೋರಿಸುತ್ತೇವೆ. ಬೀರುವಿನ ಕೀಲಿ ಕೊಡುವುದಿಲ್ಲ. ಪತ್ರಗಳ ಕಟ್ಟು ಬಿಚ್ಚುವುದು ಮಾತು ಕುದುರಿದ ಮೇಲೆ. ಇಲ್ಲೂ ಹಾಗೆಯೇ. ಮೊದಲ ಸುತ್ತಿಗೆ ಸಮಸ್ಯೆ, ಮಾರುಕಟ್ಟೆ, ಒಟ್ಟು ಆದಾಯ ಸಾಕು. ಎರಡನೆಯದಕ್ಕೆ ಶೀಟ್ ಕೊಡಿ, ಹೆಸರಿನ ಜಾಗದಲ್ಲಿ ‘ಗ್ರಾಹಕ-1’, ‘ಗ್ರಾಹಕ-2’ ಇರಲಿ. ಗ್ರಾಹಕರ ಫೋನ್ ನಂಬರಿನ ಪಟ್ಟಿಯಂತೂ ಬೇಡವೇ ಬೇಡ. ಅದು ನಿಮ್ಮ ಆಸ್ತಿಯಲ್ಲ, 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. ಹೊಸ ಯಂತ್ರವೋ ವಿಧಾನವೋ ಇದ್ದರೆ ಮೊದಲು ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತದೆ. ಎದುರಿಗಿರುವವರು ನಿಮ್ಮ ಪ್ರತಿಸ್ಪರ್ಧಿಯಲ್ಲಿ ಹಣ ಹಾಕಿದ್ದಾರೆಯೇ ಎಂದು ನೋಡಿಕೊಂಡು ಹೋಗುವುದಕ್ಕೆ ಹತ್ತು ನಿಮಿಷವೂ ಬೇಡ. ಯಾಕೋ ಬಹಳ ಮಂದಿ ಅದನ್ನೇ ಮಾಡುವುದಿಲ್ಲ.

ಪೂರಾ ಮುಚ್ಚಿಡುವುದೂ ನಡೆಯದು. ಅಮೆರಿಕದ ಥೆರಾನೋಸ್ ‘ವ್ಯಾಪಾರದ ಗುಟ್ಟು’ ಎನ್ನುತ್ತಲೇ ರಕ್ತಪರೀಕ್ಷೆಯ ಯಂತ್ರವನ್ನು ಹೂಡಿಕೆದಾರರ ಕಣ್ಣಿಗೆ ಸರಿಯಾಗಿ ಬೀಳದಂತೆ ನೋಡಿಕೊಂಡಿತು. 2022ರಲ್ಲಿ ಸ್ಥಾಪಕಿ ಎಲಿಜಬೆತ್ ಹೋಮ್ಸ್ ವಂಚನೆಯ ಅಪರಾಧಿ ಎಂದು ತೀರ್ಪಾಯಿತು. ಬುದ್ಧಿವಂತ ಹೂಡಿಕೆದಾರರು ಈಗ ಗುಟ್ಟು ಅಂದ ಕೂಡಲೇ ಕಿವಿ ನಿಮಿರಿಸುತ್ತಾರೆ.

ಟರ್ಮ್ ಶೀಟ್‌ಗೆ, ಅಂದರೆ ಹೂಡಿಕೆಯ ಮುಖ್ಯ ಷರತ್ತುಗಳ ಪತ್ರಕ್ಕೆ, ಸಹಿ ಬಿದ್ದ ಮೇಲೆ, ಅದರಲ್ಲಿ ಗೋಪ್ಯತೆಯ ಷರತ್ತು ಇದೆಯೆಂದು ಖಾತ್ರಿಯಾದ ಮೇಲೆ, ಡೇಟಾ ರೂಮ್, ಅಂದರೆ ಕಂಪನಿಯ ಕಡತಗಳನ್ನಿಟ್ಟ ಆನ್‌ಲೈನ್ ಕೋಣೆ, ತೆರೆಯಿರಿ. ಯಾರು ಯಾವ ಕಡತವನ್ನು ಎಷ್ಟು ಗಂಟೆಗೆ ತೆರೆದರೆಂಬ ಲೆಕ್ಕ ಅಲ್ಲಿ ಉಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಯಾರೋ ಒಂದೇ ಗ್ರಾಹಕನ ಒಪ್ಪಂದವನ್ನು ಮೂರನೇ ಸಲ ತೆರೆದಿದ್ದಾರೆ ಅಂದುಕೊಳ್ಳಿ. ಮರುದಿನದ ಮೊದಲ ಪ್ರಶ್ನೆ ಯಾವುದೆಂದು ನಿಮಗೆ ಬೆಳಗಿನ ಕಾಫಿಯ ಹೊತ್ತಿಗೇ ಗೊತ್ತಿರುತ್ತದೆ.